ಉಬ್ಬಸ ಇಳಿದರೆ ಸಾಲದು



ಹಸಿ ಕಾಫಿ ಬೀಜದ ಧೂಳು ಕೆಲವರಿಗೆ ಅಸ್ತಮಾ ತರುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಹಲ್ಲಿಂಗ್ ಯಂತ್ರದ ಬಳಿ ಕೆಮ್ಮುವವರನ್ನು 'ಶೀತ' ಎಂದು ಸಮಾಧಾನ ಹೇಳಿ ಕಳಿಸಿದವರಲ್ಲಿ ನಾವೂ ಸೇರಿದ್ದೇವೆ.

ಧೂಳು ಒಗ್ಗದವರ ಶ್ವಾಸನಾಳಕ್ಕೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಕಾವಲಿಗೆ ಬಂದವು ಮನೆಯನ್ನೇ ಕೆಡಿಸುತ್ತವೆ. ಅವು ಸ್ರವಿಸುವ ರಾಸಾಯನಿಕಗಳಿಂದ ನಾಳದ ಒಳಪದರದಡಿ ಕೊಲಾಜೆನ್ ನಾರು ಕಟ್ಟುತ್ತದೆ. ಮಾಸ್ಟ್ ಜೀವಕೋಶಗಳು ಸ್ನಾಯುವಿನೊಳಗೇ ಸೇರಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಸ್ನಾಯುವೂ ದಪ್ಪವಾಗಿ ನಾಳ ಕಿರಿದಾಗುತ್ತದೆ, ಪಾಚಿ ಕಟ್ಟಿದ ಪೈಪಿನ ಹಾಗೆ.

ಸಾಲ್ಬುಟಮಾಲ್ ಇನ್‌ಹೇಲರ್ ಬಿಗಿದ ಸ್ನಾಯುವನ್ನು ಸಡಿಲಿಸೀತು, ಈ ಕಣಗಳನ್ನು ಅಡಗಿಸದು. ಅದಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬೇಕು. ಹೆಸರು ಕೇಳಿದೊಡನೆ ಹೆದರಿ, ಉಬ್ಬಸ ಇಳಿದ ಮರುದಿನವೇ ಬಿಡುವವರು ನಮ್ಮಲ್ಲಿ ಬಹಳ. ವೈದ್ಯರನ್ನು ಕೇಳದೆ ಬಿಡಬಾರದು.

ಹಲ್ಲಿಂಗ್ ಶೆಡ್ಡಿಗೆ ಧೂಳು ಹೀರುವ ಫ್ಯಾನನ್ನು ಸಂಘದ ಖರ್ಚಿನಲ್ಲೇ ಹಾಕಿಸಬೇಕೆಂಬುದು ನಮ್ಮ ಅಭಿಪ್ರಾಯ. ಬರುವ ಮಹಾಸಭೆಯಲ್ಲಿ ಮಂಡಿಸುತ್ತೇವೆ.