ಕಿಟ್ಟಯ್ಯನಿಗೆ ಕಲ್ಲು, ಇವರಿಗೆ ಶಾಲು

ಕಳೆದ ವರ್ಷ ಆಗಸ್ಟ್ 15ರಂದು ಯಲಹಂಕದಲ್ಲಿ ಗೆಳೆಯರೊಬ್ಬರ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಬಾವುಟ ಹಾರಿತು, ಮಕ್ಕಳಿಗೆ ಲಾಡು ಹಂಚಿದರು. ಆಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಮೈಕು ಹಿಡಿದು ‘ಈ ವರ್ಷದ ಅತ್ಯುತ್ತಮ ಭದ್ರತಾ ಸಿಬ್ಬಂದಿ’ ಎಂದು ಒಬ್ಬರನ್ನು ಕರೆದರು. ಐವತ್ತು ದಾಟಿದ ಮನುಷ್ಯ, ರಾಯಚೂರು ಕಡೆಯವರು. ಪೇಟ ತೊಡಿಸಿದರು, ಜರಿಯಂಚಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಲ್ಯಾಮಿನೇಷನ್ ಮಾಡಿಸಿದ ಪ್ರಶಸ್ತಿ ಪತ್ರವನ್ನು ಗಟ್ಟಿಯಾಗಿ ಓದಿದರು. ಆರು ವರ್ಷದಿಂದ ಇದೇ ಗೇಟಿನಲ್ಲಿ ನಿಷ್ಠಾವಂತ ಸೇವೆ. ದಿನಕ್ಕೆ 12 ಗಂಟೆ. ಹೋದ ವರ್ಷವಿಡೀ ಒಂದು ದಿನವೂ ರಜೆ ಹಾಕಿಲ್ಲ. ಉಳಿದ ಸಿಬ್ಬಂದಿಗೆ ನಾಯಕನಂತೆ ನಿಂತು ಮಾದರಿಯಾಗಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದ ಮೇಲೆ ಹೊಳೆಯಿತು, ಅವರು ಓದಿದ್ದು ಪ್ರಶಸ್ತಿ ಪತ್ರವಲ್ಲ, ತಪ್ಪೊಪ್ಪಿಗೆ.

1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಏಳು ದಿನಕ್ಕೊಂದು ವಿಶ್ರಾಂತಿಯ ದಿನದ ಮಾತಿತ್ತು. ನಿಗದಿಯಾದ ಅವಧಿ ಮೀರಿ ದುಡಿಸಿದರೆ ಹೆಚ್ಚಿನ ದರದಲ್ಲಿ ಕೂಲಿ ಕೊಡಬೇಕೆಂದೂ ಇತ್ತು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಇಂಥ ಕಾರ್ಮಿಕ ಕಾನೂನು ಮುರಿದ ಏಜೆನ್ಸಿಯ ಲೈಸೆನ್ಸನ್ನೇ ರದ್ದು ಮಾಡಬಹುದು. ವರ್ಷವಿಡೀ ಒಬ್ಬ ಮನುಷ್ಯನಿಗೆ ರಜೆ ಕೊಟ್ಟಿಲ್ಲ ಎಂಬುದನ್ನು ನಾವು ಮುಚ್ಚಿಡುವುದು ಬಿಟ್ಟು, ಮೈಕಿನಲ್ಲಿ ಓದಿ, ಲ್ಯಾಮಿನೇಷನ್ ಮಾಡಿಸಿ ಕೈಗೆ ಕೊಡುತ್ತೇವೆ. ಕಾನೂನು ಮುರಿದವರು ನಾವು, ಸನ್ಮಾನ ಮುರಿಸಿಕೊಂಡವರಿಗೆ.

ಯಲಹಂಕದಿಂದ ಹೆಬ್ಬಾಳ ಎಷ್ಟು ದೂರ? ಆ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರಿನ ಕನ್ನಡ ಶಾಸನಗಳಲ್ಲೇ ಬಲು ಹಳೆಯದೆಂದು ಇತಿಹಾಸಪ್ರಿಯರೆಲ್ಲ ಸಂಭ್ರಮಿಸಿದರು. ಊರಿನ ಮೇಲೆ ರಾಷ್ಟ್ರಕೂಟರ ಕಡೆಯವರು ಏರಿ ಬಂದಾಗ ಎದುರು ನಿಂತು ಕಾದಿ ಸತ್ತ ಕಿಟ್ಟಯ್ಯ ಎಂಬವನ ಕಲ್ಲು ಅದು. ಕಿಟ್ಟಯ್ಯ ಯೋಧ, ಗೇಟು ಕಾಯುವವನಲ್ಲ, ನಿಜ. ಆದರೂ ಆ ಕಲ್ಲು ಮಾಡಿದ ಒಂದು ಕೆಲಸವನ್ನು ನಮ್ಮ ಶಾಲು ಮಾಡುವುದಿಲ್ಲ. ಅದು ಅವನ ಹೆಸರು ಹೇಳಿತು. ಹನ್ನೆರಡು ಶತಮಾನ ಕಳೆದರೂ ನಮಗೆ ಗೊತ್ತು, ಅವನು ಕಿಟ್ಟಯ್ಯ.

ನಿಮ್ಮ ಹಾಸ್ಟೆಲಿನ ಗೇಟಿನಲ್ಲಿ ರಾತ್ರಿ ಯಾರು ಕೂತಿರುತ್ತಾರೆ, ಹೆಸರು ಹೇಳಿ ನೋಡೋಣ. ‘ಸೆಕ್ಯುರಿಟೀ’ ಎಂದು ಕೂಗುತ್ತೇವೆ. ಅಸ್ಸಾಮು ಒಡಿಶಾದ ಹುಡುಗನಾದರೆ ‘ಭಯ್ಯಾ’. ಬ್ಯಾಂಕಿನ ಗುಮಾಸ್ತರನ್ನು ಯಾರೂ ‘ಏ ಬ್ಯಾಂಕೂ’ ಎಂದು ಕರೆಯುವುದಿಲ್ಲವಲ್ಲ!

ಇನ್ನೊಂದು ಮಾತು. ಹಳೆಯ ಕಾಲದ ಮರ್ಯಾದೆ ಕಲ್ಲು ನೆಡುವುದರಲ್ಲೇ ಮುಗಿಯುತ್ತಿರಲಿಲ್ಲ. ಸತ್ತ ವೀರನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ಉಲ್ಲೇಖ ಎಷ್ಟೋ ವೀರಗಲ್ಲುಗಳಲ್ಲಿದೆ. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಊರು ಕಾಯುವ ತಳವಾರನಿಗೆ ಇನಾಮು ಹೊಲವಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು, ಬಿಟ್ಟಿ ಚಾಕರಿ ಎಲ್ಲ ಇತ್ತು, ಅದು ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಕಾಯುವವನ ಹೊಟ್ಟೆಗೂ ಕಾಯುವ ಕೆಲಸಕ್ಕೂ ಸಂಬಂಧವಿದೆ ಎಂಬ ತಿಳಿವಳಿಕೆ ಅವರಿಗಿತ್ತು. ಒನಕೆ ಓಬವ್ವನ ಕಥೆಯನ್ನೇ ನೆನೆಯಿರಿ. ಆ ಕಥೆ ಹುಟ್ಟಿದ್ದೇ ಕೋಟೆ ಕಾಯುವ ಗಂಡ ಊಟಕ್ಕೆ ಮನೆಗೆ ಬಂದಿದ್ದರಿಂದ. ನಮ್ಮ ಗೇಟಿನವರು ಊಟಕ್ಕೆ ಮನೆಗೆ ಹೋಗುವುದಿರಲಿ, ಡಬ್ಬಿ ಬಿಚ್ಚಿ ಎರಡು ತುತ್ತು ತಿನ್ನುವಷ್ಟರಲ್ಲಿ ಹಾರ್ನ್ ಕೇಳಿಸುತ್ತದೆ. ಕೈ ತೊಳೆಯದೆ ಎದ್ದು ಗೇಟು ತೆಗೆಯುತ್ತಾರೆ.

ಒಳ್ಳೆಯದಾದಾಗ ಶಾಲು. ಕೆಟ್ಟದ್ದಾದಾಗ? 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ತಡೆದರು. ವಿಡಿಯೋ ಹರಿದಾಡಿತು, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಅದೇ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತರನ್ನು ಒಳಗೆ ಬಿಡಲಿಲ್ಲ. ತಡೆದದ್ದು ತಪ್ಪೇ, ಎರಡೂ ಸಲ ನನಗೂ ರಕ್ತ ಕುದಿಯಿತು. ಆದರೆ ‘ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು’ ಎಂಬ ಕಣ್ಣನ್ನು ಗೇಟಿನವನಿಗೆ ಕೊಟ್ಟವರು ಯಾರು? ಕೊರಿಯರ್ ಹುಡುಗನನ್ನು ಹಿಂದಿನ ಲಿಫ್ಟಿಗೆ ಕಳಿಸು, ಮನೆಕೆಲಸದವರ ಚೀಲ ನೋಡು, ಕಾರು ಬಂದರೆ ಸಲ್ಯೂಟ್ ಹೊಡಿ ಎಂದು ದಿನವೂ ಹೇಳುವವರು ನಾವೇ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಆಗಬೇಕು. ನಾನು ಮಾತಾಡಿಸಿದವರಲ್ಲಿ ಒಬ್ಬರಿಗಾದರೂ ಅದು ಆಗಿರಲಿಲ್ಲ. ಹಳೆಯ ಸಿಬ್ಬಂದಿ ಅರ್ಧ ದಿನ ರಿಜಿಸ್ಟರ್ ಬರೆಯುವುದು ತೋರಿಸಿಕೊಟ್ಟಿದ್ದರು, ಅಷ್ಟೆ.

ಆರು ವರ್ಷದ ನಿಷ್ಠೆಯ ಲೆಕ್ಕವನ್ನೂ ಕೇಳಿ. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಒಂದು ಕಡೆ ಐದು ವರ್ಷ ಸತತ ದುಡಿದವರಿಗೆ ಗ್ರಾಚ್ಯುಟಿ ಸಿಗುತ್ತಿತ್ತು. ನಮ್ಮ ಪ್ರಶಸ್ತಿ ವಿಜೇತರು ಆರು ವರ್ಷ ದುಡಿದಿದ್ದಾರೆ, ಆದರೆ ಮೂರು ಏಜೆನ್ಸಿಗಳ ಕೆಳಗೆ. ಸಂಘ ಎರಡು ವರ್ಷಕ್ಕೊಮ್ಮೆ ಕೊಟೇಶನ್ ಕರೆಯುತ್ತದೆ, ಕಡಿಮೆ ಹೇಳಿದವರು ಬರುತ್ತಾರೆ. ಗೇಟು ಅದೇ, ಪ್ಲಾಸ್ಟಿಕ್ ಕುರ್ಚಿ ಅದೇ, ಮನುಷ್ಯ ಅವರೇ, ಅಂಗಿಯ ಬಣ್ಣ ಮಾತ್ರ ಬೇರೆ. ಪ್ರತಿ ಸಲವೂ ಅವರು ಹೊಸಬರು. ಸನ್ಮಾನದ ವೇದಿಕೆಯಲ್ಲಿ ಆರು ವರ್ಷ ಎಂದು ಎಣಿಸಲು ನಮಗೆ ಬರುತ್ತದೆ, ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಇನ್ನು ಅವರ ‘ನಾಯಕತ್ವ’. ಮೇಲ್ವಿಚಾರಕನ ಹುದ್ದೆಯನ್ನು ಖರ್ಚು ಉಳಿಸಲು ತೆಗೆದುಹಾಕಿದ ಮೇಲೆ ಆ ಕೆಲಸವನ್ನು ಇವರೇ ಮಾಡುತ್ತಿದ್ದಾರೆ. ಸಂಬಳ ಮಾತ್ರ ಹಳೆಯದೇ.

‘ಏನೂ ಮಾಡದವರಿಗಿಂತ ಶಾಲು ಹೊದಿಸಿದವರು ವಾಸಿಯಲ್ಲವೇ?’ ಎಂದರು ಗೆಳೆಯರು. ಉತ್ತರ ಕೊಡುವುದು ಸುಲಭವಲ್ಲ. ಅವತ್ತು ಆ ಮನುಷ್ಯನ ಮುಖ ಅರಳಿದ್ದನ್ನು ನಾನೇ ನೋಡಿದ್ದೇನೆ. ಫೋಟೋ ತೆಗೆಸಿ ಊರಿನಲ್ಲಿರುವ ಮಗಳಿಗೆ ಅಲ್ಲೇ ನಿಂತು ವಾಟ್ಸಾಪ್ ಮಾಡಿದರು. ಆ ಖುಷಿಯನ್ನು ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ. ಆದರೆ ಹೊದಿಸಿದವರಿಗೆ ಆ ಶಾಲು ಬಲು ಅಗ್ಗಕ್ಕೆ ಸಿಕ್ಕಿತು. ವಾರಕ್ಕೊಂದು ರಜೆ ಕೊಡಬೇಕಾದರೆ ಬದಲಿ ಆಳಿಗೆ ದುಡ್ಡು ಕೊಡಬೇಕು. 8 ಗಂಟೆಯ ಪಾಳಿಯಾದರೆ ಇಬ್ಬರ ಜಾಗದಲ್ಲಿ ಮೂವರು ಬೇಕು. ಪ್ರತಿ ಮನೆಯ ಮೆಂಟೇನೆನ್ಸ್ ತಿಂಗಳಿಗೆ ಒಂದಿಷ್ಟು ಏರುತ್ತದೆ. ಆ ವಿಷಯ ಸಂಘದ ಸಭೆಗೆ ಬಂದಾಗ ಹದಿನೈದು ನಿಮಿಷದಲ್ಲಿ ಬಿದ್ದುಹೋಯಿತಂತೆ. ಸನ್ಮಾನದ ನಿರ್ಣಯ ಮಾತ್ರ ಸರ್ವಾನುಮತದಿಂದ ಪಾಸಾಗಿತ್ತು.

2021ರ ನವೆಂಬರಿನಲ್ಲಿ ಯಲಹಂಕದ ಕೆರೆ ಉಕ್ಕಿ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ಜನ ದೋಣಿಯಲ್ಲಿ ಹೊರಬಂದದ್ದು ನೆನಪಿರಬಹುದು. 2024ರ ಅಕ್ಟೋಬರಿನಲ್ಲಿ ಮತ್ತೆ ಹಾಗೇ ಆಯಿತು. ಅಂಥ ರಾತ್ರಿ ಯಾವ ಅಪಾರ್ಟ್‌ಮೆಂಟಿನಲ್ಲೇ ಆಗಲಿ, ನೀರು ಮೊದಲು ಮುಟ್ಟುವುದು ಗೇಟಿನಲ್ಲಿರುವವರ ಕಾಲನ್ನು. ಹನ್ನೊಂದನೆಯ ಗಂಟೆಯ ಪಾಳಿಯಲ್ಲಿ, ತಿಂಗಳುಗಟ್ಟಲೆ ರಜೆಯಿಲ್ಲದೆ ತೂಕಡಿಸುತ್ತಿರುವ ಮನುಷ್ಯನ ಕಾಲನ್ನು.

ಡಿಸೆಂಬರಿನಲ್ಲಿ ಗೆಳೆಯರ ಮನೆಯಿಂದ ತಡವಾಗಿ ಹೊರಟಾಗ ಅವರು ಗೇಟಿನಲ್ಲಿದ್ದರು. ಮತ್ತೆ ಏಜೆನ್ಸಿ ಬದಲಾಗಿತ್ತು, ಅಂಗಿ ಈಗ ನೀಲಿ. ಪ್ರಶಸ್ತಿ ಪತ್ರದಲ್ಲಿ ಹಳೆಯ ಏಜೆನ್ಸಿಯ ಹೆಸರಿದೆ ಎಂದು ಹೊಸಬರು ಅದನ್ನು ಕ್ಯಾಬಿನ್ನಿನ ಗೋಡೆಯಿಂದ ಇಳಿಸಿದ್ದರು. ಕೊರೆಯುವ ಚಳಿ. ತಲೆಗೆ ಟವೆಲ್ ಸುತ್ತಿ ಕೂತಿದ್ದರು. ಆ ಶಾಲಾದರೂ ಹೊದ್ದುಕೊಳ್ಳಬಾರದೇ ಎಂದೆ.

‘ಅದು ಚಳಿಗೆ ಆಗಂಗಿಲ್ರೀ ಸರ,’ ಅಂದರು, ‘ಜರಿ ಚುಚ್ತದ.’