ಅಲೆಗಳಿಗೆ ಕನ್ನಡ ಭಾರವೇ?

ಹವ್ಯಾಸಿ ರೇಡಿಯೋದಲ್ಲಿ ಮೈಕ್ ಹಿಡಿದಾಗ ಕನ್ನಡದಲ್ಲಿ ಮನಸಾರೆ ಹರಟುವ ನಾವು, ಗಣಕದ ಟರ್ಮಿನಲ್ ತಂತ್ರಾಂಶದಲ್ಲಿ ಅಕ್ಷರ ಸಂದೇಶ ಕಳಿಸುವಾಗ ಇಂಗ್ಲಿಷಿಗೋ ರೋಮನ್ ಲಿಪಿಗೋ ಶರಣಾಗುತ್ತೇವೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಕನ್ನಡ ನಿಧಾನ, ಕನ್ನಡ ಭಾರ, ಯಂತ್ರಕ್ಕೆ ಅದು ಒಗ್ಗದು. ಈ ಉತ್ತರವನ್ನು ನಾವು ಒಪ್ಪಲಾರೆವು.

ಮೊದಲು ಭಾರದ ಲೆಕ್ಕ ನೋಡೋಣ. ಬ್ರಿಟನ್ನಿನ ಪೀಟರ್ ಮಾರ್ಟಿನೆಜ್ 1998ರಲ್ಲಿ ಬಳಕೆಗೆ ತಂದ ಪಿಎಸ್‌ಕೆ31 ವಿಧಾನ ಸೆಕೆಂಡಿಗೆ 31.25 ಬಿಟ್‌ಗಳನ್ನು ಸಾಗಿಸುತ್ತದೆ. ಅದರ ವ್ಯಾರಿಕೋಡ್ ಪಟ್ಟಿಯಲ್ಲಿ, ಇಂಗ್ಲಿಷಿನಲ್ಲಿ ಪದೇ ಪದೇ ಬರುವ ಅಕ್ಷರಗಳಿಗೆ ಚಿಕ್ಕ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ. ನಡುವಣ ತೆರಪನ್ನೂ ಸೇರಿಸಿದರೆ ಇಂಗ್ಲಿಷಿನ ಚಿಕ್ಕ ‘ಇ’ಗೆ ತಗಲುವುದು 4 ಬಿಟ್. ನಮ್ಮ ‘ಕ’ ಅಕ್ಷರವಾದರೋ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್. ಒಂದೊಂದು ಬೈಟಿಗೂ 12ಕ್ಕೆ ಕಡಿಮೆಯಿಲ್ಲದಷ್ಟು ಬಿಟ್ ಬೇಕು. ಒಂದು ‘ಕ’ ಗಾಳಿ ದಾಟಲು ಒಂದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಮೂರರಲ್ಲಿ ಒಂದು ಬೈಟು ಗದ್ದಲಕ್ಕೆ ಸಿಕ್ಕಿ ಕೆಟ್ಟರೂ ಅಕ್ಷರವೇ ಹೋಯಿತು.

ಇಷ್ಟೂ ನಿಜ. ಆದರೆ ಇದು ಇನ್ನೊಂದು ನುಡಿಯ ಮೈಯಳತೆಗೆ ಹೊಲಿದ ಅಂಗಿಯ ದೋಷ. ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟಿರುವ ಸ್ಥಾನಗಳು ಒಟ್ಟು 128. ನಮ್ಮ ಬರಹದಲ್ಲಿ ಯಾವ ಅಕ್ಷರ, ಯಾವ ಗುಣಿತಚಿಹ್ನೆ ಎಷ್ಟು ಸಲ ಬರುತ್ತದೆಂದು ಎಣಿಸಿ, ಹೆಚ್ಚು ಬರುವವಕ್ಕೆ ಚಿಕ್ಕ ಸಂಕೇತ ಕೊಟ್ಟರೆ ಭಾರ ತಾನಾಗಿಯೇ ಇಳಿಯುತ್ತದೆ. ಜಪಾನೀಯರು ಮೋರ್ಸ್ ತಂತಿಗೆಂದು ತಮ್ಮ ಕಾನಾ ಅಕ್ಷರಗಳಿಗೆ ‘ವಾಬುನ್’ ಎಂಬ ಪ್ರತ್ಯೇಕ ಸಂಕೇತಾವಳಿ ಮಾಡಿಕೊಂಡರು; ರಷ್ಯನ್ನರು ಸಿರಿಲಿಕ್ ಲಿಪಿಗೆ ಮಾಡಿಕೊಂಡರು. ಅವರು ಯಂತ್ರದ ಅಪ್ಪಣೆಗಾಗಿ ಕಾದು ಕೂರಲಿಲ್ಲ.

ಸೆಕೆಂಡಿಗೆ 1200 ಬಿಟ್ ಸಾಗಿಸುವ ಪ್ಯಾಕೆಟ್ ರೇಡಿಯೋದಲ್ಲಂತೂ 3 ಬೈಟಿನ ಅಕ್ಷರ ಹೊರೆಯೇ ಅಲ್ಲ. ಅಲ್ಲಿ ಅಡ್ಡ ನಿಲ್ಲುವುದು ಟರ್ಮಿನಲ್. 7 ಬಿಟ್‌ಗೆ ಹೊಂದಿಸಿಟ್ಟರೆ ಅದು ಎಂಟನೆಯ ಬಿಟ್ಟನ್ನು ಕತ್ತರಿಸಿ ಕನ್ನಡವನ್ನು ಕಸವಾಗಿಸುತ್ತದೆ. ಅಕ್ಷರಕ್ಕೊಂದು ಸಮ ಅಗಲದ ಚೌಕ ಎಂದು ನಂಬಿದ ಪರದೆ ಒತ್ತಕ್ಷರವನ್ನು ಚದುರಿಸುತ್ತದೆ. ಮೊದಲನೆಯದಕ್ಕೆ ಹೊಂದಾಣಿಕೆ ಬದಲಿಸಿದರೆ ಸಾಕು. ಎರಡನೆಯದನ್ನು ತಿದ್ದಲು ತಂತ್ರಾಂಶ ಬಲ್ಲ ಕನ್ನಡಿಗರೇ ಕೈಹಾಕಬೇಕು.

ರೋಮನ್ ಲಿಪಿ ಸಾಲದೇ ಎನ್ನುವವರಿಗೆ ನಮ್ಮ ಪ್ರಶ್ನೆ ಸರಳ. ಆ ಲಿಪಿಯನ್ನು ನಾವು ದಿನನಿತ್ಯ ಬಳಸುವ ರೀತಿಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ, ಬೆಳೆಯೂ ಬೆಲೆಯೂ ಒಂದೇ. ನೆರೆ ಬಂದ ಊರಿನಿಂದ ಬರುವ ಸಂದೇಶದಲ್ಲಿ ಬಿದ್ದದ್ದು ಬೆಳೆಯೋ ಬೆಲೆಯೋ ಎಂದು ಊಹಿಸುತ್ತ ಕೂರಬೇಕೇ?

ನಿಯಮದ ಭಯವನ್ನೂ ಕೆಲವರು ಮುಂದಿಡುತ್ತಾರೆ. ಹವ್ಯಾಸಿ ರೇಡಿಯೋದಲ್ಲಿ ನಿಷಿದ್ಧವಾದದ್ದು ಅರ್ಥವನ್ನು ಮರೆಮಾಚುವ ಗುಪ್ತಸಂಕೇತ. ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ ಪಟ್ಟಿ ಏನನ್ನು ಮರೆಮಾಚೀತು? ಕರೆಸಂಕೇತ ಇಂಗ್ಲಿಷಿನಲ್ಲೇ ಇರಲಿ. ನುಡಿ ಬಾರದ ನಿಲ್ದಾಣದ ಮೂಲಕ ತುರ್ತುಸಂದೇಶ ಸಾಗುವಾಗ ಇಂಗ್ಲಿಷೇ ಸರಿ. ನಮ್ಮೊಳಗಿನ ಮಾತಿಗೂ ಅದೇ ಏಕೆ?

ಹೊರನಾಡಿನಲ್ಲಿ ನಮ್ಮ ಮಕ್ಕಳ ಕನ್ನಡ ಬಾಯಲ್ಲಿ ಉಳಿದು ಕೈಯಿಂದ ಜಾರುತ್ತಿರುವುದನ್ನು ಮನೆಮನೆಯಲ್ಲೂ ಕಾಣುತ್ತಿದ್ದೇವೆ. ರೇಡಿಯೋದಲ್ಲೂ ನಡೆದಿರುವುದು ಅದೇ. ನಮ್ಮ ಬಳಗದಲ್ಲಿ ತಂತ್ರಾಂಶ ಬರೆಯುವವರಿದ್ದಾರೆ, ವ್ಯಾಕರಣ ಬಲ್ಲವರಿದ್ದಾರೆ. ಅಕ್ಷರಗಳನ್ನು ಎಣಿಸುವ ಕೆಲಸಕ್ಕೆ ಪರವಾನಗಿ ಬೇಕಿಲ್ಲ. ಅದನ್ನು ನಾವೇ ಆರಂಭಿಸೋಣ.