ಪುಣ್ಯಕೋಟಿ ಇರಲಿ, ತುಂಟ ದನ ಎಲ್ಲಿ? (ಭಾಗ 3)

ಸ್ಕ್ರೋಲ್ ಮಾಡೋ ಮುಂಚೆ ಒಂದು ಪ್ರಶ್ನೆ. ಚಿಕ್ಕವರಿದ್ದಾಗ ಕನ್ನಡ ಪುಸ್ತಕದಲ್ಲಿ ಓದಿದ ಯಾವ ದನ ನಿಮ್ಮನ್ನ ನಗಿಸಿತ್ತು?

ಪುಣ್ಯಕೋಟಿ ಅಂತ ಹೇಳಬೇಡಿ. ಅದು ಅಳಿಸಿತ್ತು. ಈಗಲೂ ಅಳಿಸುತ್ತೆ, ಆ ಹಾಡಿನ ಮೇಲೆ ನನಗೇನೂ ತಕರಾರಿಲ್ಲ. ತಕರಾರು ಏನಪ್ಪಾ ಅಂದ್ರೆ, ಒಂದನೇ ಕ್ಲಾಸಿನ ಮಗು ಕೈಗೆ ನಾವು ಕೊಡೋ ಪ್ರಾಣಿಗಳೆಲ್ಲ ಒಂದೋ ಸತ್ಯ ಹೇಳ್ತವೆ, ಇಲ್ಲಾ ಉಪಕಾರ ಮಾಡ್ತವೆ. ಹಸು ಹಾಲು ಕೊಡುತ್ತದೆ, ನಾಯಿ ಮನೆ ಕಾಯುತ್ತದೆ, ಮುಗೀತು. ಹಗ್ಗ ಬಿಚ್ಚಿಕೊಂಡು ಪಕ್ಕದವರ ಜೋಳಕ್ಕೆ ನುಗ್ಗೋದು ಯಾರು? ಹಾಲು ಕರೆಯೋರ ಮುಖಕ್ಕೆ ಬಾಲದಲ್ಲಿ ಬಾರಿಸೋದು, ಒಣಗಿ ಹಾಕಿದ ಪಂಚೆ ಅಗಿಯೋದು ಯಾರು? ಹಳ್ಳಿ ಮಗುವಿಗೆ ಇದು ದಿನಾ ನೋಡೋ ಕಾಮಿಡಿ. ಪುಸ್ತಕ ತೆಗೆದ ಕೂಡಲೇ ಅದೇ ಹಸು ಭಾಷಣಕ್ಕೆ ನಿಲ್ಲುತ್ತೆ.

ಇನ್ನೊಂದು ಕಡೆ ಇಂಗ್ಲಿಷ್‌ನಿಂದ ಎತ್ತಿ ತಂದ ಫಾರ್ಮ್ ಪುಸ್ತಕಗಳು. ಕೆಂಪು ಬಣ್ಣದ ಮರದ ಕೊಟ್ಟಿಗೆ, ಗುಲಾಬಿ ಹಂದಿ. ಕಪ್ಪು ಬಿಳಿ ಹಸು ನಮ್ಮಲ್ಲೂ ಇದೆಯಲ್ಲ ಅಂತೀರಾ? ಇದೆ, ಸೀಮೆ ಹಸು. ಡೈರಿ ಕ್ಯಾನ್ ತುಂಬೋದೇ ಅದರಿಂದ. ಬಣ್ಣ ನನ್ನ ಜಗಳ ಅಲ್ಲ. ಆ ಪುಸ್ತಕದಲ್ಲಿ ಅದು 'ಮೂ' ಅನ್ನುತ್ತೆ. ಮಾಗಡಿಯಲ್ಲಿ ಯಾವ ಹಸು 'ಮೂ' ಅಂದಿದೆ ಸ್ವಾಮಿ?

"ಮೊದಲು ಅಕ್ಷರ ಕಲೀಲಿ, ತಮಾಷೆ ಆಮೇಲೆ" ಅನ್ನೋ ದೊಡ್ಡವರಿಗೆ ಈಗ ಉತ್ತರ. ಸರ್ಕಾರಿ ಶಾಲೆಯಲ್ಲಿ ಓದಿದೋರಿಗೆ ನಲಿ-ಕಲಿ ನೆನಪಿರುತ್ತೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ಅ ಆ ಇ ಈ ಮೊದಲಲ್ಲ. ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಈ ಹತ್ತಕ್ಷರದಲ್ಲೇ, ಕಾಗುಣಿತ ಬೇಡ, ಒತ್ತಕ್ಷರ ಬೇಡ, ದನ ಬಂದುಬಿಡುತ್ತೆ. ಬಸವನೂ ಬರ್ತಾನೆ. ಅಂದ್ಮೇಲೆ ತಮಾಷೆ ಯಾಕೆ ಕಾಯಬೇಕು? ತಗೊಳ್ಳಿ, ನಾನು ಮಾಡಿದ ಪುಸ್ತಕ, ಐದೇ ಪುಟ:

ಅರಸನ ವನ.
ವನದ ಮರ.
ವನದ ಬಸವ!
ಬಸವ... ಬಸವ... ಬಸವ...
ವನ?

ಕೊನೇ ಪುಟದ ಚಿತ್ರದಲ್ಲಿ ಒಂದು ಎಲೆಯೂ ಇಲ್ಲ. ಅರಸ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ, ಬಸವ ಆರಾಮಾಗಿ ಮೆಲುಕು ಹಾಕ್ತಿದ್ದಾನೆ. ಹತ್ತರಲ್ಲಿ ಎಂಟಕ್ಷರ ಖರ್ಚಾಯ್ತು. ಉಳಿದಿದ್ದು ಗ, ಜ. ಗಜ! ಕನಕಪುರದ ಕಡೆ ಹೊಲಕ್ಕೆ ಇಳಿಯೋ ಆನೆಗೆ ಎರಡನೇ ಪುಸ್ತಕ. (ಬೆಳೆ ಕಳಕೊಂಡವರಿಗೆ ಅದು ತಮಾಷೆ ಅಲ್ಲ, ಗೊತ್ತು.) ಎಮ್ಮೆ, ಕತ್ತೆ, ಬೆಕ್ಕು ಮಾತ್ರ ಸ್ವಲ್ಪ ಕಾಯಬೇಕು. ನಗಿಸೋ ಪ್ರಾಣಿಗಳಿಗೇ ಒತ್ತಕ್ಷರ ಕೊಟ್ಟಿದೆ ನಮ್ಮ ಭಾಷೆ, ಏನ್ ಮಾಡೋಣ.

ಒಂದೊಂದೇ ಅಕ್ಷರ ಕೂಡಿಸಿ ಓದೋ ಮಗು ಪಡೋ ಕಷ್ಟ ಸಣ್ಣದಲ್ಲ. ಸಾಲಿನ ಕೊನೆಗೆ ಅದಕ್ಕೆ ಏನಾದ್ರೂ ಸಿಗಬೇಕು. ನೀತಿ ಸಿಕ್ಕಿದ್ರೆ ಪುಸ್ತಕ ಮುಚ್ಚುತ್ತೆ, ನಗು ಸಿಕ್ಕಿದ್ರೆ ಪುಟ ತಿರುಗಿಸುತ್ತೆ. ಇನ್ನೊಂದು ವಿಷಯ: ನೀತಿವಾಕ್ಯವನ್ನ ಅರ್ಥ ಆಗದೇನೂ ರಾಗವಾಗಿ ಒಪ್ಪಿಸಬಹುದು, ನಾವೆಲ್ಲ ಹಾಗೇ ಒಪ್ಪಿಸಿ ಪಾಸಾದೋರು. 'ವನ?' ಅಂತ ಓದಿ ಕಿಸಕ್ಕಂತ ನಕ್ಕ ಮಗುವಿಗೆ ಅರ್ಥ ಆಗಿದೆ. ಮೇಷ್ಟ್ರು ಪ್ರಶ್ನೆ ಕೇಳೋದೇ ಬೇಡ.

ನಮ್ಮ ಜಿಲ್ಲೆಯಲ್ಲಿ ಕಥೆಗೇನು ಬರವಾ? ಕನಕಪುರ ತಾಲ್ಲೂಕಿನ ಒಂದು ಜಾಗದ ಹೆಸರೇ ಚಿತ್ರಪುಸ್ತಕ: ಮೇಕೆದಾಟು. ಒಂದು ಮೇಕೆ ಕಾವೇರಿಯನ್ನ ಹಾರಿ ದಾಟಿತಂತೆ. ಹಿಂದೆ ಹುಲಿ ಅಟ್ಟಿಸಿಕೊಂಡು ಬಂದಿತ್ತಂತೆ. ಇಡೀ ಹೆಸರಲ್ಲಿ ಒಂದು ಒತ್ತಕ್ಷರ ಇಲ್ಲ! ನಾವು ಆ ಹೆಸರು ಕೇಳೋದು ಅಣೆಕಟ್ಟಿನ ಜಗಳದಲ್ಲಿ ಮಾತ್ರ, ಮೇಕೆ ಪಾಪ ಎಲ್ಲೋ ಹೋಯ್ತು.

ಆಮೇಲೆ ರೇಷ್ಮೆ ಹುಳ. ಎರಿಕ್ ಕಾರ್ಲ್ 1969ರಲ್ಲಿ ಒಂದು ಹೊಟ್ಟೆಬಾಕ ಕಂಬಳಿಹುಳದ ಪುಸ್ತಕ ಮಾಡಿ ಲೋಕದ ಮಕ್ಕಳನ್ನೆಲ್ಲ ಗೆದ್ದ. ಅದು ಹಣ್ಣು, ಐಸ್‌ಕ್ರೀಮ್, ಕೇಕು ಎಲ್ಲ ತಿನ್ನುತ್ತೆ. ನಮ್ಮದು ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇನೂ ಮುಟ್ಟಲ್ಲ, ಅಷ್ಟು ಜಂಬ. ನಾಲ್ಕು ಸಲ 'ಜ್ವರ' ಅಂತ ತಿನ್ನೋದು ಬಿಟ್ಟು ತಲೆ ಎತ್ತಿ ಮಲಗುತ್ತೆ. ಎದ್ದು ಹಳೇ ಚರ್ಮ ಕಳಚಿ ಮತ್ತೆ ತಿನ್ನುತ್ತೆ. ನಾಲ್ಕನೇ ಜ್ವರ ಬಿಟ್ಟ ಮೇಲಂತೂ ಮನೆ ಮಂದಿಯೆಲ್ಲ ಸೊಪ್ಪು ಹೊತ್ತು ಹೊತ್ತು ಸುಸ್ತು. ಕೊನೆಗೆ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತೆ. ರಾಮನಗರದ ಗೂಡು ಮಾರ್ಕೆಟ್ ಮುಂದೆ ದಿನಾ ಬಸ್ ಹತ್ತೋ ನಮ್ಮಲ್ಲಿ ಯಾರಿಗೂ ಇದು ನಗೋ ಕಥೆ ಅಂತ ಯಾಕೆ ಹೊಳೀಲಿಲ್ಲ?

ದುಡ್ಡಿಲ್ಲ, ಪ್ರಕಾಶಕರಿಲ್ಲ ಅನ್ನಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ನಡೆಸ್ತಿದೆ. ಕಥೆ ನೀವೇ ಬರೀಬಹುದು, ಅಲ್ಲಿರೋ ಚಿತ್ರ ಬಳಸಬಹುದು, ಡೌನ್‌ಲೋಡ್ ಪುಕ್ಕಟೆ. ಅಲ್ಲಿ ಹೋಗಿ ಮತ್ತೆ ಇಂಗ್ಲಿಷ್ ಹಂದಿಯನ್ನೇ ಅನುವಾದ ಮಾಡಿದ್ರೆ ನೋಡಿ ಮತ್ತೆ! ಚನ್ನಪಟ್ಟಣದೋರೇ, ಮರದ ಗೊಂಬೆಗೆ ಅರಗಿನ ಬಣ್ಣ ಹಾಕೋ ಮನೆಗಳಿಂದ ಬಂದಿದ್ದೀರಿ. ನಿಮಗೊಂದು ಮೇಕೆ ಬರೆಯೋಕೆ ಬರಲ್ವಾ?

ಭಾಗ 4ರಲ್ಲಿ ರೇಷ್ಮೆ ಹುಳದ ಪುಸ್ತಕ ಹಾಕ್ತೀನಿ. ಅಷ್ಟರಲ್ಲಿ ನಿಮ್ಮ ಮನೆ ಕೋಳಿ, ಕುರಿ, ದನ ಮಾಡಿದ ಅತಿ ದೊಡ್ಡ ಕಿತಾಪತಿ ಒಂದು ಸಾಲಲ್ಲಿ ಕಾಮೆಂಟ್ ಮಾಡಿ. ಒತ್ತಕ್ಷರ ಬಳಸಂಗಿಲ್ಲ.

#ದನಕ್ಕೂನಗುಬರುತ್ತೆ #ರಗಸದಅ #ಮೇಕೆದಾಟಿನಮೇಕೆ